ಜುಲೈ ರಜೆಯಲ್ಲಿ ಅಡಿಲೇಡ್‌ನಿಂದ ಡಾರ್ವಿನ್‌ಗೆ ಕ್ಯಾಂಪರ್‌ವ್ಯಾನ್: 10 ದಿನ ಸಾಕಾ?

ಸುಮ_ಅಡಿಲೇಡ್

ಎಲ್ಲರಿಗೂ ನಮಸ್ಕಾರ. ಜುಲೈ ಸ್ಕೂಲ್ ರಜೆಗೆ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತಗೊಂಡು ಸ್ಟುವರ್ಟ್ ಹೈವೇಯಲ್ಲಿ ಡಾರ್ವಿನ್‌ವರೆಗೂ ಹೋಗೋಣ ಅಂತಿದ್ದೇವೆ. ನಾನು, ನಮ್ಮೆಜಮಾನ್ರು, 8 ವರ್ಷದ ಮಗಳು, ಮತ್ತೆ ಊರಿಂದ ಬಂದಿರುವ ನಮ್ಮಪ್ಪ. ಅಪ್ಪನಿಗೆ 71. ಬಿಪಿ ಮಾತ್ರೆ ತಗೊಳ್ತಾರೆ, ಬೇರೇನೂ ತೊಂದರೆ ಇಲ್ಲ. ನಿಜ ಹೇಳಬೇಕೆಂದರೆ ಇದು ಅವರ ಹಟವೇ. ಮ್ಯಾಪ್ ನೋಡಿ, "ಮಧ್ಯದಲ್ಲಿ ಏನೂ ಇಲ್ವಲ್ಲಮ್ಮ, ಅದನ್ನೇ ನೋಡ್ಬೇಕು" ಅಂದರು. ಸಿಡ್ನಿ ಬೇಡವಂತೆ.

ವ್ಯಾನ್ ನಾಲ್ಕು ಜನ ಮಲಗುವಂಥದ್ದು. ಡೀಸೆಲ್, ಟೂ ವೀಲ್ ಡ್ರೈವ್. ಮೊದಲ ದಿನ ಕೂಬರ್ ಪೀಡಿ ಸೇರಿಬಿಡೋಣ, ಸುಮಾರು 850 ಕಿ.ಮೀ. ಎರಡನೇ ದಿನ ಉಲುರು. ಅಲ್ಲಿ ಎರಡು ರಾತ್ರಿ, ಕಿಂಗ್ಸ್ ಕ್ಯಾನಿಯನ್‌ನಲ್ಲಿ ಒಂದು, ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಎರಡು. ಆಮೇಲೆ ಮೂರು ದಿನದಲ್ಲಿ ಡಾರ್ವಿನ್. ಸಂಜೆ ಊಟ ಆಗಿ ಮಗಳು ನಿದ್ದೆ ತೂಗಲು ಶುರುಮಾಡಿದ ಮೇಲೆ ಎರಡು ಮೂರು ಗಂಟೆ ಓಡಿಸಿದರೆ ದೂರ ಗೊತ್ತಾಗದೇ ಕಳೆಯುತ್ತದೆ ಅನ್ನೋದು ಯಜಮಾನರ ಲೆಕ್ಕ. ರಸ್ತೆ ಖಾಲಿ ಇರುತ್ತಲ್ಲ.

ಇದು ಆಗುವ ಮಾತಾ? ದಾರಿಯಲ್ಲಿ ಫೋನ್ ಸಿಗ್ನಲ್ ಹೇಗೆ? ಅಪ್ಪನಿಗೆ ಊಡ್ನಡಾಟ ಟ್ರ್ಯಾಕ್ ಬಗ್ಗೆ ಯಾರೋ ಹೇಳಿದ್ದಾರೆ, ಆ ಕಡೆಯಿಂದಲೂ ಸ್ವಲ್ಪ ಹೋಗಬಹುದಾ? ಉಲುರು ಬಂಡೆ ಹತ್ತಬೇಕು ಅಂತಲೂ ಆಸೆ ಇದೆ ಅವರಿಗೆ. ಹೋಗಿ ಬಂದವರು ದಯವಿಟ್ಟು ಹೇಳಿ.

---

ಆಲಿಸ್_ಗ್ಯಾರೇಜ್

ಸುಮ ಅವರೇ, ನಾನು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮೆಕ್ಯಾನಿಕ್. ನೀವು ತಗೊಳ್ಳುವಂಥ ವ್ಯಾನ್‌ಗಳು ಟೋ ಟ್ರಕ್ ಮೇಲೆ ಕೂತು ನಮ್ಮ ಅಂಗಳಕ್ಕೆ ಬರುತ್ತವೆ. ಅದಕ್ಕೇ ಮೊದಲು ಯಜಮಾನರ ರಾತ್ರಿ ಲೆಕ್ಕ ಮುಗಿಸಿಬಿಡುತ್ತೇನೆ. ಬೇಡ. ಉಳಿದದ್ದೆಲ್ಲ ಆಮೇಲೆ.

ಚಳಿಗಾಲದ ಬೆಳಗ್ಗೆ ಗೇಟ್ ತೆಗೆದಾಗ ಹೊರಗೆ ಬಿಳಿ ವ್ಯಾನ್ ನಿಂತಿದ್ದರೆ ಏನಾಗಿದೆ ಅಂತ ಕೇಳುವ ಅಗತ್ಯವೇ ಇರುವುದಿಲ್ಲ. ಮುಂದಿನ ಗ್ರಿಲ್ ಒಳಕ್ಕೆ ಕೂತಿರುತ್ತದೆ. ಒಡೆದ ಪ್ಲಾಸ್ಟಿಕ್ ಮಧ್ಯೆ ಕಂದು ಕೂದಲು ಸಿಕ್ಕಿಕೊಂಡಿರುತ್ತದೆ. ಎಸಿ ಕಂಡೆನ್ಸರ್ ಬಾಗಿ ರೇಡಿಯೇಟರ್‌ಗೆ ಒತ್ತಿಕೊಂಡಿರುತ್ತದೆ, ಕೂಲಂಟ್ ಸೋರಿ ಬಂಪರ್ ಕೆಳಗೆ ಹಸಿರು ಕರೆ ಕಟ್ಟಿರುತ್ತದೆ. ಅದು ಕಾಂಗರೂ. ಲೈಟ್ ಕಣ್ಣಿಗೆ ಬಿದ್ದರೆ ಯಾವ ಕಡೆ ಹಾರುತ್ತೇನೆ ಅಂತ ಅದಕ್ಕೇ ಗೊತ್ತಿರುವುದಿಲ್ಲ. ದನ ಇನ್ನೂ ಕೆಟ್ಟದ್ದು. ನಾರ್ದರ್ನ್ ಟೆರಿಟರಿಯಲ್ಲಿ, ಅಂದರೆ ಆಲಿಸ್, ಡಾರ್ವಿನ್ ಇರುವ ಪ್ರದೇಶದಲ್ಲಿ, ಬಹಳ ಕಡೆ ಹೈವೇ ಪಕ್ಕ ಬೇಲಿಯೇ ಇಲ್ಲ. ಕತ್ತಲಲ್ಲಿ ರಸ್ತೆ ಮೇಲೆ ಕಪ್ಪು ದನ ನಿಂತಿದ್ದರೆ ಕಾಣುವಷ್ಟರಲ್ಲಿ ಬ್ರೇಕ್ ಹಾಕುವ ದೂರ ಮುಗಿದಿರುತ್ತದೆ. ಕಾಂಗರೂಗೆ ಗುದ್ದಿದರೆ ರೇಡಿಯೇಟರ್ ಹೋಗಬಹುದು. ದನಕ್ಕೆ ಗುದ್ದಿದರೆ ಮುಂದೆ ಕೂತವರಿಗೇ ಏಟು. ಬಾಡಿಗೆ ವ್ಯಾನ್‌ಗೆ ಬುಲ್‌ಬಾರ್, ಅಂದರೆ ಮುಂದೆ ಏಟು ತಡೆಯುವ ಗಟ್ಟಿ ಕಂಬಿ, ಇರುವುದು ಅಪರೂಪ.

ಬಾಡಿಗೆ ಅಗ್ರಿಮೆಂಟ್ ತೆಗೆದು ಓದಿ, ಸಣ್ಣ ಅಕ್ಷರವನ್ನೂ ಬಿಡಬೇಡಿ. ಊರಾಚೆ ಕತ್ತಲಲ್ಲಿ ಓಡಿಸುವ ಹಾಗಿಲ್ಲ, ಓಡಿಸಿ ಪ್ರಾಣಿಗೆ ಗುದ್ದಿದರೆ ಇನ್ಶೂರೆನ್ಸ್ ಇಲ್ಲ ಅಂತ ಎಷ್ಟೋ ಕಂಪನಿಗಳು ಬರೆದಿರುತ್ತವೆ. ಮಣ್ಣು ರಸ್ತೆಗೂ ಅದೇ ಮಾತು. ಹಾಗಾಗಿ ಊಡ್ನಡಾಟ ಟ್ರ್ಯಾಕ್ ಮರೆತುಬಿಡಿ. ಅದಕ್ಕೆ ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು, ಮಳೆ ಬಂದರೆ ರಸ್ತೆಯನ್ನೇ ಮುಚ್ಚುತ್ತಾರೆ, ಮುಚ್ಚಿದ ರಸ್ತೆಗೆ ಇಳಿದರೆ ದಂಡ ಬೇರೆ. ಅಪ್ಪನವರಿಗೆ ಬೇಜಾರು ಬೇಡ. ಅವರು ಕೇಳಿದ "ಏನೂ ಇಲ್ಲದ್ದು" ಟಾರ್ ರಸ್ತೆಯ ಎರಡೂ ಬದಿಗೆ ಬೇಕಾದಷ್ಟಿದೆ.

ಇಲ್ಲಿ ಪ್ಲಾನ್ ಮಾಡುವುದು ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ, ಬೆಳಕಿನ ಲೆಕ್ಕದಲ್ಲಿ. ಜುಲೈನಲ್ಲಿ ಪೋರ್ಟ್ ಅಗಸ್ಟಾ ಕಡೆ ಸೂರ್ಯ ಹುಟ್ಟುವಾಗ ಸುಮಾರು 7.20, ಮುಳುಗುವಾಗ 5.30. ಹುಟ್ಟಿದ ಮೇಲೆ ಅರ್ಧ ಗಂಟೆ, ಮುಳುಗುವ ಮುಂಚೆ ಒಂದು ಗಂಟೆ ಕಾಂಗರೂಗಳ ಹೊತ್ತು, ಅದನ್ನು ಅವಕ್ಕೇ ಬಿಟ್ಟುಕೊಡಿ. ಎಂಟಕ್ಕೆ ಹೊರಟು ನಾಲ್ಕೂವರೆಗೆ ಗಾಡಿ ನಿಲ್ಲಿಸಿರಬೇಕು. ವ್ಯಾನ್ ಓಡುವುದು 95–100ರಲ್ಲಿ. ಸೌತ್ ಆಸ್ಟ್ರೇಲಿಯಾದಲ್ಲಿ ಮಿತಿ 110, ಟೆರಿಟರಿ ಗಡಿ ದಾಟಿದರೆ ಬೋರ್ಡ್ 130 ಅನ್ನುತ್ತದೆ, ಆದರೆ ಅದು ನಿಮ್ಮ ಎತ್ತರದ ಡಬ್ಬಕ್ಕೆ ಬರೆದದ್ದಲ್ಲ. ಟೀ, ಟಾಯ್ಲೆಟ್, ಡೀಸೆಲ್, ಮಗಳ "ಅಪ್ಪಾ ನಿಲ್ಸಿ" ಎಲ್ಲ ಸೇರಿದರೆ ದಿನಕ್ಕೆ 500 ಕಿ.ಮೀ. ಹೆಚ್ಚೇ ಆಯಿತು. 850 ಆಗುವುದಿಲ್ಲ.

ನಾನಾದರೆ ಹೀಗೆ ಮಾಡುತ್ತೇನೆ. ಮೊದಲ ದಿನ ಪೋರ್ಟ್ ಅಗಸ್ಟಾದಲ್ಲಿ ಸಾಮಾನು ತುಂಬಿಸಿಕೊಂಡು ವೂಮೆರಾದಲ್ಲಿ ಉಳಿಯುವುದು. ರಾಕೆಟ್ ಪರೀಕ್ಷೆಗೆ ಅಂತ ಕಟ್ಟಿದ ಊರು, ಬಯಲಲ್ಲೇ ಹಳೇ ರಾಕೆಟ್‌ಗಳನ್ನು ನಿಲ್ಲಿಸಿದ್ದಾರೆ, ಅಪ್ಪನವರಿಗೂ ಮಗುವಿಗೂ ಖುಷಿ. ಎರಡನೇ ದಿನ ಕೂಬರ್ ಪೀಡಿ. ಮಧ್ಯೆ ಗ್ಲೆಂಡಾಂಬೊ ಅಂತ ಒಂದು ರೋಡ್‌ಹೌಸ್, ಅಂದರೆ ಬಂಕ್, ಊಟ ಎಲ್ಲ ಇರುವ ಹೈವೇ ತಂಗುದಾಣ. ಅದರ ಬೋರ್ಡ್ ಮೇಲೆ ಕುರಿ 22,500, ನೊಣ 20 ಲಕ್ಷ, ಜನ 30 ಅಂತ ಬರೆದಿದೆ. ಫೋಟೋ ತೆಗೆದುಕೊಳ್ಳಿ, ಆದರೆ ಡೀಸೆಲ್ ತುಂಬಿಸುವುದನ್ನು ಮರೆಯಬೇಡಿ. ಅಲ್ಲಿಂದ ಕೂಬರ್ ಪೀಡಿವರೆಗೆ 250 ಕಿ.ಮೀ. ಒಂದೂ ಬಂಕ್ ಇಲ್ಲ. ಕೂಬರ್ ಪೀಡಿಯಲ್ಲಿ ಒಂದು ರಾತ್ರಿ ವ್ಯಾನ್ ಬಿಟ್ಟು ನೆಲದಡಿಯ ರೂಮಿನಲ್ಲಿ ಮಲಗಿ. 1915ರಲ್ಲಿ ಓಪಲ್ ರತ್ನ ಸಿಕ್ಕಾಗಿನಿಂದ ಅಗೆಯುತ್ತಲೇ ಇರುವ ಊರು ಅದು. ಊರಾಚೆ ತೆರೆದ ಗುಂಡಿಗಳಿವೆ, ಫೋಟೋ ತೆಗೆಯುತ್ತಾ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ ಅಂತ ಬೋರ್ಡೇ ಹಾಕಿದ್ದಾರೆ. ಮೂರನೇ ದಿನ ಎರ್ಲ್ಡಂಡಾ. ನಾಲ್ಕನೇ ದಿನ ಆರಾಮಾಗಿ ಉಲುರು ಪಕ್ಕದ ಊರು ಯುಲಾರಾ.

ಎರ್ಲ್ಡಂಡಾದಿಂದ ಪಶ್ಚಿಮಕ್ಕೆ ತಿರುಗಿ ಒಂದೂವರೆ ಗಂಟೆ ಆದ ಮೇಲೆ ಎಡಗಡೆ ದೊಡ್ಡ ಗುಡ್ಡ ಕಾಣುತ್ತದೆ. ಅಪ್ಪನವರು "ಬಂತು ಬಂತು" ಅನ್ನುವುದು ಗ್ಯಾರಂಟಿ. ಅದು ಉಲುರು ಅಲ್ಲ, ಮೌಂಟ್ ಕಾನರ್. ತಲೆ ಚಪ್ಪಟೆ ಇದ್ದರೆ ಅದೇ. ಎಲ್ಲರೂ ಅಲ್ಲಿ ಕ್ಯಾಮೆರಾ ತೆಗೆಯುತ್ತಾರೆ.

ಉಲುರು ಹತ್ತುವುದನ್ನು 2019ರ ಅಕ್ಟೋಬರ್ 26ರಿಂದ ಪೂರ್ತಿ ನಿಲ್ಲಿಸಿದ್ದಾರೆ. ಆ ಜಾಗ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರದ್ದು, 1985ರಲ್ಲಿ ಅದೇ ತಾರೀಕು ಸರ್ಕಾರ ಅವರಿಗೆ ವಾಪಸ್ ಕೊಟ್ಟಿತು. ಅವರಿಗೆ ಅದು ಪವಿತ್ರ ಜಾಗ. ಅಪ್ಪನವರಿಗೆ ಇದನ್ನು ವಿವರಿಸುವುದು ಕಷ್ಟ ಆಗಲಾರದು. ಬುಡದ ಸುತ್ತ ನಡೆಯುವ ದಾರಿ 10 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಪೂರ್ತಿ ಸಮತಟ್ಟು. ಅಷ್ಟು ಬೇಡ ಅಂದರೆ ಮುಟಿಟ್‌ಜುಲು ನೀರಿನ ಗುಂಡಿಯವರೆಗಿನ ಸಣ್ಣ ದಾರಿ ಹಿಡಿಯಿರಿ. ಕೆಲವು ಕಡೆ ಫೋಟೋ ತೆಗೆಯಬೇಡಿ ಅಂತ ಬೋರ್ಡ್ ಇದೆ, ಅಲ್ಲಿ ಫೋನ್ ಜೇಬಿಗೆ ಹಾಕಿಕೊಳ್ಳಿ. ಪಾರ್ಕ್ ಒಳಗೆ ಕ್ಯಾಂಪಿಂಗ್ ಇಲ್ಲ, ಯುಲಾರಾದಲ್ಲೇ ಉಳಿಯಬೇಕು. ಜುಲೈ ಅಂದರೆ ಅಲ್ಲಿ ಜಾತ್ರೆ. ಮೊದಲು ಆ ಕ್ಯಾಂಪ್‌ಗ್ರೌಂಡ್ ಬುಕ್ ಮಾಡಿ, ಆಮೇಲೆ ಉಳಿದ ದಿನಗಳನ್ನು ಅದಕ್ಕೆ ಹೊಂದಿಸಿ.

ಇನ್ನು ರೋಡ್ ಟ್ರೇನ್, ಅಂದರೆ ಸಾಲಾಗಿ ಟ್ರೇಲರ್ ಎಳೆಯುವ ದೊಡ್ಡ ಲಾರಿ. ಮೂರು ಟ್ರೇಲರ್, 53.5 ಮೀಟರ್‌ವರೆಗೂ ಉದ್ದ. ಎದುರಿಂದ ಬಂದಾಗ ಮೊದಲು ಗಾಳಿ ವ್ಯಾನನ್ನು ಎಡಕ್ಕೆ ತಳ್ಳುತ್ತದೆ. ನೀವು ಸ್ಟೀರಿಂಗ್ ಬಲಕ್ಕೆ ಹಿಡಿದಿರುತ್ತೀರಿ. ಕೊನೇ ಟ್ರೇಲರ್ ದಾಟಿದ ಕೂಡಲೇ ಆ ಗಾಳಿ ನಿಂತು ವ್ಯಾನ್ ಬಲಕ್ಕೆ ಎಳೆಯುತ್ತದೆ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ, ಸ್ವಲ್ಪ ನಿಧಾನ ಮಾಡಿ, ಅಷ್ಟೇ. ಗಾಬರಿಯಾಗಿ ಪಕ್ಕದ ಜಲ್ಲಿಗೆ ಚಕ್ರ ಇಳಿಸುವುದು, ಆಮೇಲೆ ತಟ್ಟನೆ ವಾಪಸ್ ಎಳೆಯುವುದು, ಎತ್ತರದ ವ್ಯಾನ್ ಪಲ್ಟಿ ಹೊಡೆಯುವುದು ಹೀಗೇ. ಅದು ಹಿಂದಿನಿಂದ ಬಂದು ನಿಮ್ಮನ್ನು ದಾಟಬೇಕೆಂದರೆ ಒಂದೇ ವೇಗದಲ್ಲಿ ನೆಟ್ಟಗೆ ಹೋಗುತ್ತಿರಿ, ಡ್ರೈವರ್ ತಾನೇ ನೋಡಿಕೊಳ್ಳುತ್ತಾನೆ. ವ್ಯಾನ್‌ನಲ್ಲಿ ಯುಎಚ್‌ಎಫ್ ರೇಡಿಯೊ ಇದ್ದರೆ ಚಾನೆಲ್ 40ರಲ್ಲಿಡಿ. ಅವರೆಲ್ಲ ಮಾತಾಡುವುದು ಅಲ್ಲೇ. ಮಗುವಿಗೆ ಕೇಳಿಸಬಹುದಾದ ಮಾತುಗಳೇ ಇರುತ್ತವೆ ಅಂತ ಮಾತ್ರ ನಾನು ಹೇಳಲಾರೆ.

10 ದಿನದಲ್ಲಿ ಡಾರ್ವಿನ್ ಮುಟ್ಟಬಹುದು. ಮುಟ್ಟಬಹುದು ಅಷ್ಟೇ. ಆಲಿಸ್‌ನಲ್ಲೇ ವ್ಯಾನ್ ಬಿಟ್ಟು ವಿಮಾನ ಹತ್ತಿ ಅಂತ ನನ್ನ ಸಲಹೆ.

---

ಡಾರ್ವಿನ್_ವೀಣಾ

ಗ್ಯಾರೇಜ್ ಅಣ್ಣ ಹೇಳಿದ್ದರಲ್ಲಿ ಕೊನೇ ಸಾಲು ಬಿಟ್ಟು ಎಲ್ಲದಕ್ಕೂ ನನ್ನ ಒಪ್ಪಿಗೆ ಇದೆ. ಆಲಿಸ್‌ನವರು ಯಾವಾಗಲೂ ಹೀಗೇ, ಅವರ ಪ್ರಕಾರ ಪ್ರಪಂಚ ಆಲಿಸ್‌ಗೆ ಮುಗಿಯುತ್ತದೆ.

ಸುಮಾ, ಸ್ಕೂಲ್ ರಜೆ ಎರಡು ವಾರ ಇದೆಯಲ್ವಾ? ಪೂರ್ತಿ 14 ದಿನ ತಗೊಳ್ಳಿ, ಡಾರ್ವಿನ್‌ವರೆಗೆ ಬನ್ನಿ. ಮಗುವಿಗೆ ಮಜಾ ಶುರುವಾಗುವುದೇ ಆಲಿಸ್ ದಾಟಿದ ಮೇಲೆ. ಟೆನೆಂಟ್ ಕ್ರೀಕ್‌ಗೆ 100 ಕಿ.ಮೀ. ಮುಂಚೆ ಕಾರ್ಲು ಕಾರ್ಲು ಸಿಗುತ್ತದೆ, ಡೆವಿಲ್ಸ್ ಮಾರ್ಬಲ್ಸ್ ಅಂತ ಮ್ಯಾಪ್‌ನಲ್ಲಿರುತ್ತದೆ. ಗುಂಡು ಬಂಡೆಗಳು ಒಂದರ ಮೇಲೊಂದು ಕೂತಿವೆ. ಪಕ್ಕದಲ್ಲೇ ಕ್ಯಾಂಪ್ ಮಾಡಬಹುದು, ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿರಬೇಕು. ಕರೆಂಟ್ ಇಲ್ಲ, ನೀರೂ ನೀವೇ ತರಬೇಕು. ಆದರೆ ರಾತ್ರಿ ಆಕಾಶ ನೋಡಿದರೆ ಅಪ್ಪನವರು ವ್ಯಾನ್ ಒಳಗೆ ಬರುವುದೇ ಇಲ್ಲ, ಬೇಕಾದರೆ ನೋಡಿ. ಮುಂದೆ ಮಾಟರಂಕಾದಲ್ಲಿ ಬಿಸಿನೀರಿನ ಬುಗ್ಗೆ. ವರ್ಷಪೂರ್ತಿ ನೀರು 34 ಡಿಗ್ರಿ ಇರುತ್ತದೆ. ಅಷ್ಟು ದಿನ ವ್ಯಾನ್‌ನಲ್ಲಿ ಕೂತು ಬಂದ ಸೊಂಟಕ್ಕೆ ಅದೊಂದೇ ಔಷಧಿ. ಉತ್ತರದಲ್ಲಿ ಯಾವ ನೀರಿಗೆ ಇಳಿಯುವ ಮುಂಚೆಯೂ ಮೊಸಳೆ ಬೋರ್ಡ್ ಓದಿ, ತೆರೆದಿದೆ ಅಂತ ಬರೆದಿದ್ದರೆ ಮಾತ್ರ ಇಳಿಯಿರಿ. ಇದರಲ್ಲಿ ಚೌಕಾಸಿ ಇಲ್ಲ.

ವ್ಯಾನ್ ಒಳಗಿನ ಸಂಸಾರದ ಬಗ್ಗೆ ಗಂಡಸರು ಬರೆಯುವುದಿಲ್ಲ, ನಾನು ಬರೆಯುತ್ತೇನೆ. ರೈಸ್ ಕುಕ್ಕರ್ ತಗೊಂಡು ಹೋಗಬಹುದು, ಆದರೆ ಕ್ಯಾರವಾನ್ ಪಾರ್ಕ್‌ನ ಪವರ್ ಸೈಟ್‌ಗೆ ಪ್ಲಗ್ ಹಾಕಿದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಇಲ್ಲದಿದ್ದರೆ ಒಳಗೆ ನಡೆಯುವುದು ಬ್ಯಾಟರಿಯ ಲೈಟ್, ಫ್ರಿಜ್, ಫೋನ್ ಚಾರ್ಜರ್ ಅಷ್ಟೇ. ಪವರ್ ಸಿಗುವ ರಾತ್ರಿ ನಾಳೆಗೂ ಸೇರಿಸಿ ಬೇಯಿಸಿಬಿಡಿ. ಹೊರಡುವಾಗ ಗ್ಯಾಸ್ ಸಿಲಿಂಡರ್ ಆಫ್, ಕಪಾಟಿನ ಚಿಲಕ ಎಲ್ಲ ಭದ್ರ. ಚಾವಣಿಯ ಕಿಂಡಿ ಮುಚ್ಚಿದ್ದೀರಾ ಅಂತ ಮಗಳ ಕೈಲಿ ದಿನಾ ನೋಡಿಸಿ, ಆ ವಯಸ್ಸಿನ ಮಕ್ಕಳಿಗೆ ಇಂಥ ಅಧಿಕಾರ ಕೊಟ್ಟರೆ ಒಂದು ದಿನವೂ ತಪ್ಪಿಸುವುದಿಲ್ಲ.

ಚಳಿ! ಮರುಭೂಮಿ ಅಂತ ಎಲ್ಲರೂ ಹತ್ತಿ ಬಟ್ಟೆ ತುಂಬಿಸಿಕೊಂಡು ಬರುತ್ತಾರೆ. ಜುಲೈನಲ್ಲಿ ಆಲಿಸ್, ಉಲುರು ಕಡೆ ಹಗಲು 20 ಡಿಗ್ರಿ, ರಾತ್ರಿ ಸೊನ್ನೆಯ ಹತ್ತಿರ, ಕೆಲವೊಮ್ಮೆ ಅದಕ್ಕೂ ಕೆಳಗೆ. ಅಪ್ಪನವರಿಗೆ ಉಣ್ಣೆ ಟೋಪಿ, ಕಾಲುಚೀಲ, ಇನ್ನೊಂದು ಕಂಬಳಿ ಇರಲೇಬೇಕು. ಅವರ ಹಾಸಿಗೆ ಕೆಳಗಿನದ್ದಾಗಿರಲಿ. ರಾತ್ರಿ ಎದ್ದು ಏಣಿ ಇಳಿಯುವುದು ಬೇಡ.

ಬಿಪಿ ಮಾತ್ರೆ ಹೊರಡುವ ಮುಂಚೆಯೇ ಪೂರ್ತಿ ತೆಗೆದಿಟ್ಟುಕೊಳ್ಳಿ, ನಾಲ್ಕು ದಿನದ್ದು ಜಾಸ್ತಿಯೇ ಇರಲಿ, ಚೀಟಿಯ ಫೋಟೋ ಫೋನ್‌ನಲ್ಲಿರಲಿ. ಕೂಬರ್ ಪೀಡಿಯಲ್ಲಿ ಆಸ್ಪತ್ರೆ ಇದೆ, ಯುಲಾರಾದಲ್ಲಿ ಕ್ಲಿನಿಕ್, ಆಲಿಸ್‌ನಲ್ಲಿ ದೊಡ್ಡ ಆಸ್ಪತ್ರೆ. ಮಧ್ಯದಲ್ಲಿ ಏನಾದರೂ ಆದರೆ ಫ್ಲೈಯಿಂಗ್ ಡಾಕ್ಟರ್ ವಿಮಾನವೇ ಬರುತ್ತದೆ, 1928ರಿಂದ ಅವರದ್ದು ಅದೇ ಕೆಲಸ. ಹೈವೇಯಲ್ಲಿ ಕೆಲವು ಕಡೆ ರಸ್ತೆ ಮೇಲೇ ರನ್‌ವೇ ಗುರುತು ಬಳಿದಿರುವುದು ಅದಕ್ಕೇ. ವಿಸಿಟರ್ ವೀಸಾ ಅಲ್ವಾ ಅಪ್ಪನವರದ್ದು? ಅವರ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಬಿಪಿ ಬರೆಸಿದೆಯಾ ಅಂತ ನೋಡಿ.

ಕಿಂಗ್ಸ್ ಕ್ಯಾನಿಯನ್‌ನ ಮೇಲಿನ ಸುತ್ತು 6 ಕಿ.ಮೀ., ಶುರುವಿನಲ್ಲೇ 500 ಮೆಟ್ಟಿಲು. ಜನ ಅದಕ್ಕೆ ಹಾರ್ಟ್ ಅಟ್ಯಾಕ್ ಹಿಲ್ ಅಂತಲೇ ಹೆಸರಿಟ್ಟಿದ್ದಾರೆ. ನೀವಿಬ್ಬರು ಹತ್ತಿ. ತಾತ ಮೊಮ್ಮಗಳು ಕೆಳಗೆ ಹಳ್ಳದ ಪಕ್ಕದ ಸಣ್ಣ ದಾರಿಯಲ್ಲಿ ಹೋಗಲಿ, ಅದೂ ಚೆನ್ನಾಗಿದೆ. ಪಾಸ್ ಎರಡು ಬೇಕು: ಉಲುರುಗೆ ಒಂದು, ಟೆರಿಟರಿಯ ಬೇರೆ ಪಾರ್ಕ್‌ಗಳಿಗೆ ಎನ್‌ಟಿ ಪಾರ್ಕ್ಸ್ ಪಾಸ್. ಎರಡೂ ಆನ್‌ಲೈನ್‌ನಲ್ಲೇ ಸಿಗುತ್ತವೆ.

---

ಪರ್ತ್_ಪಾಂಡು

ಸಿಗ್ನಲ್ ಬಗ್ಗೆ ಯಾರೂ ಹೇಳಲಿಲ್ಲ. ಟೆಲ್‌ಸ್ಟ್ರಾ ಸಿಮ್ ಒಂದಾದರೂ ಇರಲಿ. ಅದೇ ನೆಟ್‌ವರ್ಕ್ ಅಂತ ಅಗ್ಗಕ್ಕೆ ಮಾರುವ ಬೇರೆ ಸಿಮ್‌ಗಳಲ್ಲಿ ಹೆಚ್ಚಿನವಕ್ಕೆ ಪೂರ್ತಿ ಕವರೇಜ್ ಸಿಗುವುದಿಲ್ಲ. ಏನೇ ಆದರೂ ಊರು, ರೋಡ್‌ಹೌಸ್ ಸುತ್ತ ಬಿಟ್ಟರೆ ಉದ್ದಕ್ಕೂ ಸಿಗ್ನಲ್ ಇರುವುದಿಲ್ಲ. ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಐಫೋನ್ 14 ಅಥವಾ ಅದಕ್ಕಿಂತ ಹೊಸದಿದ್ದರೆ ಸ್ಯಾಟಲೈಟ್‌ನಲ್ಲಿ ಎಮರ್ಜೆನ್ಸಿ ಮೆಸೇಜ್ ಹೋಗುತ್ತದೆ, ಮನೆಯಲ್ಲೇ ಅದರ ಡೆಮೊ ಒಮ್ಮೆ ನೋಡಿಕೊಳ್ಳಿ. ಇಲ್ಲದಿದ್ದರೆ ಪಿಎಲ್‌ಬಿ, ಅಂದರೆ ಸ್ಯಾಟಲೈಟ್ ಮೂಲಕ ಅಪಾಯದ ಸಂಕೇತ ಕಳಿಸುವ ಸಣ್ಣ ಸಾಧನ, ಬಾಡಿಗೆಗೆ ಸಿಗುತ್ತದೆ.

ಸ್ವಲ್ಪ ನೋಟು ಕೈಯಲ್ಲಿರಲಿ. ಲೈನ್ ಬಿದ್ದುಹೋದರೆ ರೋಡ್‌ಹೌಸ್‌ನಲ್ಲಿ ಕಾರ್ಡ್ ನಡೆಯುವುದಿಲ್ಲ. ಡೀಸೆಲ್ ಸಿಟಿಗಿಂತ ತುಂಬಾ ದುಬಾರಿ, ಬಜೆಟ್ ಅದಕ್ಕೆ ತಕ್ಕ ಹಾಗೆ ಹಾಕಿ. ಎದುರು ಗಾಳಿ ಇದ್ದ ದಿನ ಮುಳ್ಳು ಕಣ್ಣೆದುರೇ ಇಳಿಯುತ್ತದೆ. ಅರ್ಧ ಟ್ಯಾಂಕ್‌ಗೆ ಬಂದರೆ ಮುಂದಿನ ಬಂಕ್‌ನಲ್ಲಿ ತುಂಬಿಸಿ, ರೇಟ್ ನೋಡಬೇಡಿ.

---

ಸುಮ_ಅಡಿಲೇಡ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗ್ಯಾರೇಜ್ ಅವರ ಮೆಸೇಜನ್ನು ಯಜಮಾನರಿಗೆ ಜೋರಾಗಿ ಓದಿ ಹೇಳಿದೆ. ಹಸಿರು ಕರೆ, ಕಂದು ಕೂದಲಿಗೆ ಬರುವಷ್ಟರಲ್ಲಿ ಸಾಕು ಅಂದರು. ರಾತ್ರಿ ಓಡಿಸುವ ಮಾತು ಮುಗಿಯಿತು. 14 ದಿನ, ಡಾರ್ವಿನ್ ಅಂತ ತೀರ್ಮಾನ ಆಗಿದೆ. ವೀಣಕ್ಕಾ, ಸಿಕ್ಕೇ ಸಿಗುತ್ತೇವೆ. ಅಪ್ಪ ಹತ್ತುವುದು ಬೇಡ ಅಂದಿದ್ದಕ್ಕೆ ಒಂದು ಮಾತೂ ಆಡಲಿಲ್ಲ. "ದೇವಸ್ಥಾನದ ಗೋಪುರ ಹತ್ತುತ್ತೇವಾ?" ಅಂತ ನನ್ನನ್ನೇ ಕೇಳಿದರು.

ಒಂದೇ ಭಯ ಉಳಿದಿದೆ. ಗಾಡಿ ಮಧ್ಯದಲ್ಲಿ ಕೆಟ್ಟು ನಿಂತರೆ? ಮಗು, ವಯಸ್ಸಾದವರು ಬೇರೆ.

---

ಆಲಿಸ್_ಗ್ಯಾರೇಜ್

ವೀಣಾ ಅವರೇ, ಪ್ರಪಂಚ ಆಲಿಸ್‌ಗೆ ಮುಗಿಯುವುದಿಲ್ಲ, ಟೆನೆಂಟ್ ಕ್ರೀಕ್‌ವರೆಗೂ ಇದೆ.

ಸುಮ ಅವರೇ, ಕೆಟ್ಟು ನಿಂತರೆ ವ್ಯಾನ್ ಬಿಟ್ಟು ಕದಲಬೇಡಿ. ಇದೊಂದೇ ನಿಯಮ. ನೀರು ತರುತ್ತೇನೆ, ಸಿಗ್ನಲ್ ನೋಡಿ ಬರುತ್ತೇನೆ ಅಂತ ಯಾರೂ ನಡೆದು ಹೋಗಬಾರದು. ವ್ಯಾನ್ ಬೇಗ ಕಣ್ಣಿಗೆ ಬೀಳುತ್ತದೆ, ಮನುಷ್ಯ ಬೀಳುವುದಿಲ್ಲ. ರಸ್ತೆಯಿಂದ ಆದಷ್ಟು ಪಕ್ಕಕ್ಕೆ ತಂದು, ಹಜಾರ್ಡ್ ಲೈಟ್ ಹಾಕಿ, ಬಾನೆಟ್ ಎತ್ತಿ ಇಡಿ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ 5 ಲೀಟರ್‌ನಂತೆ ಎರಡು ದಿನಕ್ಕಾಗುವಷ್ಟು ಕ್ಯಾನ್‌ನಲ್ಲಿ ಬೇರೆಯೇ ಇರಲಿ, ವ್ಯಾನ್ ಟ್ಯಾಂಕಿನ ನೀರನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಸ್ಟುವರ್ಟ್ ಹೈವೇಯಲ್ಲಿ ಜುಲೈನ ಹಗಲು ನಿಮ್ಮನ್ನು ದಾಟಿ ಹೋಗುವ ಗಾಡಿ ಬಂದೇ ಬರುತ್ತದೆ. ಬಾನೆಟ್ ಎತ್ತಿದ್ದು ಕಂಡರೆ ನಿಲ್ಲಿಸುತ್ತಾರೆ, ಅದು ಇಲ್ಲಿನ ಪದ್ಧತಿ. ಮುಂದಿನ ರೋಡ್‌ಹೌಸ್‌ಗೆ ಸುದ್ದಿ ಮುಟ್ಟಿಸಿ ಅಂದರೆ ಸಾಕು. ನೀವೂ ಹಾಗೇ ಮಾಡಿ. ಎದುರು ಬರುವ ಡ್ರೈವರ್ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾನೆ, ಬೈಗುಳ ಅಲ್ಲ, ನಮಸ್ಕಾರ. ಯಜಮಾನರು ತಿರುಗಿ ಎತ್ತಲಿ.

ಹಗಲಲ್ಲೂ ಒಂದು ವಿಷಯ ನೋಡಿಕೊಳ್ಳಿ. ಸತ್ತ ಕಾಂಗರೂ ರಸ್ತೆ ಮೇಲೆ ಬಿದ್ದಿದ್ದರೆ ಅದರ ಮೇಲೆ ಹದ್ದು ಕೂತಿರುತ್ತದೆ. ಇಲ್ಲಿನ ವೆಜ್‌ಟೇಲ್ ಹದ್ದಿನ ರೆಕ್ಕೆ ಬಿಚ್ಚಿದರೆ ಎರಡು ಮೀಟರ್‌ಗೂ ಜಾಸ್ತಿ. ಹೊಟ್ಟೆ ತುಂಬಿದ್ದರೆ ತಕ್ಷಣ ಏಳಲು ಆಗುವುದಿಲ್ಲ, ಎದ್ದರೂ ನಿಮ್ಮ ವಿಂಡ್‌ಸ್ಕ್ರೀನ್ ಎತ್ತರಕ್ಕೇ ಬರುತ್ತದೆ. ದೂರದಿಂದಲೇ ಹಾರ್ನ್ ಹೊಡೆದು ಪೂರ್ತಿ ನಿಧಾನ ಮಾಡಿ. ಮಗಳಿಗೂ ಹತ್ತಿರದಿಂದ ನೋಡಿದ ಹಾಗಾಗುತ್ತದೆ.

ಡಿಪೋದಲ್ಲಿ ವ್ಯಾನ್ ಕೈಗೆ ಬಂದಾಗ ಅವಸರ ಮಾಡಬೇಡಿ. ಸ್ಪೇರ್ ಟೈರ್ ಎಲ್ಲಿದೆ, ಗಾಳಿ ಇದೆಯಾ, ಜಾಕ್ ಮತ್ತು ವೀಲ್ ಸ್ಪ್ಯಾನರ್ ನಿಜವಾಗಲೂ ಇದೆಯಾ ಅಂತ ಅವರ ಕೈಯಲ್ಲೇ ತೆಗೆಸಿ ನೋಡಿ. ಕೆಲವು ವ್ಯಾನ್‌ಗಳಲ್ಲಿ ಸ್ಪೇರ್ ಅಡಿಯಲ್ಲಿ ನೇತು ಹಾಕಿರುತ್ತಾರೆ, ಅದನ್ನು ಇಳಿಸುವ ಹಿಡಿ ಇನ್ನೆಲ್ಲೋ ಇರುತ್ತದೆ. ವಿಂಡ್‌ಸ್ಕ್ರೀನ್‌ನಲ್ಲಿ ಮೊದಲೇ ಚುಕ್ಕೆ ಬಿದ್ದಿದ್ದರೆ ಫೋಟೋ ತೆಗೆದು ಅವರಿಗೇ ಇಮೇಲ್ ಮಾಡಿ. ಕಲ್ಲು ಬಿದ್ದು ಇನ್ನೂ ಆಗುತ್ತವೆ, ಯಾವುದು ಹಳೇದು ಅಂತ ಆಮೇಲೆ ಜಗಳ ಬೇಡ.